ಇಂಟರ್ನೆಟ್ ಇಲ್ಲದ ಕಾಳಜಿ ಕೇಂದ್ರದಲ್ಲಿ ಎಲೆಕ್ಟ್ರಾನಿಕ್ ವೈದ್ಯಕೀಯ ದಾಖಲೆ: ಸಿದ್ಧತೆಯಿಂದ ಹಸ್ತಾಂತರದವರೆಗೆ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗಲೂ, ಮರುವರ್ಷ ಅದೇ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ನೀರು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳಿಗೆ ನುಗ್ಗಿದಾಗಲೂ, ಅನೇಕ ಕಡೆ ರಸ್ತೆ, ಕರೆಂಟು, ಮೊಬೈಲ್ ಸಿಗ್ನಲ್ ಮೂರೂ ಒಟ್ಟಿಗೇ ಕೈಕೊಟ್ಟವು. ಇದರಲ್ಲಿ ಆಶ್ಚರ್ಯವಿಲ್ಲ. ಕರೆಂಟು ಹೋದ ಮೇಲೆ ಮೊಬೈಲ್ ಟವರ್ ನಡೆಯುವುದು ಬ್ಯಾಟರಿ ಮತ್ತು ಡೀಸೆಲ್ ಮೇಲೆ, ಡೀಸೆಲ್ ಬರಬೇಕಾದದ್ದು ಅದೇ ಕೊಚ್ಚಿಹೋದ ರಸ್ತೆಯಲ್ಲಿ. ಹಾಗಾಗಿ ನೆರೆ ಅಥವಾ ಭೂಕುಸಿತದ ಮೊದಲ ವಾರದಲ್ಲಿ ಕೆಲಸಕ್ಕೆ ಬರಬೇಕಾದ ಯಾವ ವೈದ್ಯಕೀಯ ದಾಖಲೆ ವ್ಯವಸ್ಥೆಯೂ 'ನೆಟ್‌ವರ್ಕ್ ಬಂದ ಮೇಲೆ ಸರಿಹೋಗುತ್ತದೆ' ಎಂಬ ನಂಬಿಕೆಯ ಮೇಲೆ ನಿಲ್ಲಬಾರದು.

ಒಂದು ಶಾಲೆಯಲ್ಲೋ ಕಲ್ಯಾಣ ಮಂಟಪದಲ್ಲೋ ತೆರೆದ ಕಾಳಜಿ ಕೇಂದ್ರ, ಅಲ್ಲಿ ಕೆಲವು ನೂರು ಜನ, ಒಬ್ಬಿಬ್ಬರು ವೈದ್ಯರು, ಒಬ್ಬ ಶುಶ್ರೂಷಕಿ, ಔಷಧ ಕೊಡುವವರು ಒಬ್ಬರು, ನಾಲ್ಕೈದು ಸ್ವಯಂಸೇವಕರು: ಈ ಮಾರ್ಗದರ್ಶಿ ಗಮನದಲ್ಲಿಟ್ಟುಕೊಂಡಿರುವ ಪ್ರಮಾಣ ಇಷ್ಟೇ. ದೊಡ್ಡ ಕ್ಷೇತ್ರ ಆಸ್ಪತ್ರೆಗೆ ಬೇರೆಯದೇ ವ್ಯವಸ್ಥೆ ಬೇಕು. ಕೆಳಗಿನ ಎಲ್ಲ ಹಂತಗಳಿಗೂ ಆಧಾರವಾಗಿರುವ ಒಂದು ನಿಲುವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ರೋಗಿಯ ಕೈಯಲ್ಲಿರುವ ಚೀಟಿಯೇ ಮೂಲ ದಾಖಲೆ, ಕಂಪ್ಯೂಟರಿನಲ್ಲಿರುವುದು ಅದರ ಪ್ರತಿ. ಕೇಂದ್ರದಲ್ಲಿರುವವರು ನಾಳೆ ನೆಂಟರ ಮನೆಗೆ ಹೋಗಬಹುದು, ಇನ್ನೊಂದು ಕೇಂದ್ರಕ್ಕೆ ಸಾಗಬಹುದು, ರಾತ್ರೋರಾತ್ರಿ ಜಿಲ್ಲಾಸ್ಪತ್ರೆ ಸೇರಬಹುದು. ಸರ್ವರ್, ಅಂದರೆ ದಾಖಲೆಗಳನ್ನೆಲ್ಲ ಇಟ್ಟುಕೊಂಡಿರುವ ಕೇಂದ್ರದ ಕಂಪ್ಯೂಟರ್, ಅವರ ಹಿಂದೆ ಹೋಗುವುದಿಲ್ಲ.

ಹಂತ 1: ಮಳೆಗಾಲಕ್ಕೆ ಮೊದಲೇ ಪಟ್ಟಿ ಸಿದ್ಧಪಡಿಸುವುದು

ಕಂಪ್ಯೂಟರ್ ತರುವುದಕ್ಕಿಂತ ಮೊದಲು ಮಾಡಬೇಕಾದ, ಆದರೆ ಸಾಮಾನ್ಯವಾಗಿ ಯಾರೂ ಮಾಡದ ಕೆಲಸವಿದು. ನೆರೆಯ ರೋಗಿ ಎಂದರೆ ಗಾಯ, ವಾಂತಿಭೇದಿ, ಜ್ವರ ಎಂದೇ ನಮ್ಮ ಮನಸ್ಸಿಗೆ ಬರುತ್ತದೆ. ಕಾಳಜಿ ಕೇಂದ್ರದ ಸರದಿಯಲ್ಲಿ ನಿಜವಾಗಿ ನಿಲ್ಲುವವರಲ್ಲಿ ಬಹಳ ಮಂದಿ ಬಿಪಿ, ಸಕ್ಕರೆ ಕಾಯಿಲೆ, ಅಪಸ್ಮಾರ, ಉಬ್ಬಸದ ಔಷಧವನ್ನು ಮನೆಯಲ್ಲೇ ಬಿಟ್ಟು ಉಟ್ಟ ಬಟ್ಟೆಯಲ್ಲಿ ಹೊರಬಿದ್ದವರು. 'ಅಜ್ಜಿ, ದಿನಾ ಯಾವ ಗುಳಗಿ ತಗೊಂತಿದ್ರಿ?' ಎಂದು ಕೇಳಿದರೆ 'ಬಿಪಿದೊಂದು ಸಣ್ಣ ಬಿಳೇ ಗುಳಗಿ ಐತ್ರಿ, ಸಕ್ಕರಿದೊಂದು ದೊಡ್ಡದು' ಎಂಬ ಉತ್ತರ ಬರುತ್ತದೆ. ಆ ಸಣ್ಣ ಬಿಳಿ ಗುಳಿಗೆ ಆಮ್ಲೊಡಿಪಿನ್ ಇರಬಹುದು, ಅಟೆನೊಲಾಲ್ ಕೂಡ ಇರಬಹುದು. ಅಟೆನೊಲಾಲನ್ನು ಹಠಾತ್ತನೆ ನಿಲ್ಲಿಸಿದರೆ ಹೃದಯಕ್ಕೆ ತೊಂದರೆಯಾಗಬಹುದು ಎಂಬುದರಿಂದ ಈ ವ್ಯತ್ಯಾಸ ಕ್ಷುಲ್ಲಕವಲ್ಲ.

ಆದ್ದರಿಂದ ಮೇ ತಿಂಗಳಲ್ಲೇ, ಮುಳುಗುವ ಸಾಧ್ಯತೆಯಿರುವ ಊರುಗಳ ಮಟ್ಟಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈಗಾಗಲೇ ಇರುವ ಪಟ್ಟಿಗಳನ್ನು ಒಂದೆಡೆ ತರಬೇಕು: ಅಸಾಂಕ್ರಾಮಿಕ ರೋಗಗಳ ಪಟ್ಟಿ, ಗರ್ಭಿಣಿಯರ ಪಟ್ಟಿ, ಕ್ಷಯರೋಗದ ಚಿಕಿತ್ಸೆಯಲ್ಲಿರುವವರು, ಡಯಾಲಿಸಿಸ್‌ಗೆ ಹೋಗುವವರು. ಆಶಾ ಕಾರ್ಯಕರ್ತೆಯ ದಿನಚರಿಯಲ್ಲಿ ಇದರಲ್ಲಿ ಎಷ್ಟೋ ಭಾಗ ಸಿಗುತ್ತದೆ. ಹೆಸರು, ವಯಸ್ಸು, ಊರು, ತಂದೆ ಅಥವಾ ಗಂಡನ ಹೆಸರು, ಕಾಯಿಲೆ, ಔಷಧ ಮತ್ತು ಪ್ರಮಾಣ, ಇಷ್ಟನ್ನು ಸರ್ವರಿಗೆ ಮೊದಲೇ ತುಂಬಿಟ್ಟರೆ ಅಜ್ಜಿ ಬಂದಾಗ ಹುಡುಕಿದರೆ ಸಾಕು. ಪಟ್ಟಿಯಲ್ಲಿ ಇಲ್ಲದವರಿಗಾಗಿ ಸಾಮಾನ್ಯ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ರಟ್ಟಿಗೆ ಅಂಟಿಸಿ ಮೇಜಿನ ಮೇಲಿಡಿ. ಹೆಸರು ನೆನಪಿಲ್ಲದವರೂ ಹಾಳೆಯ ಬಣ್ಣ ನೋಡಿ ಗುರುತಿಸುವುದುಂಟು. ಆಗಲೂ ಗೊತ್ತಾಗದಿದ್ದರೆ 'ಬಿಪಿ ಔಷಧ, ಹೆಸರು ತಿಳಿದಿಲ್ಲ' ಎಂದೇ ದಾಖಲಿಸಬೇಕು, ಊಹೆ ಬರೆಯಬಾರದು. ಎಚ್ಐವಿ ಚಿಕಿತ್ಸೆಯ ಪಟ್ಟಿಯನ್ನು ಮಾತ್ರ ಈ ಸಾಮಾನ್ಯ ಪಟ್ಟಿಗೆ ಸೇರಿಸಲೇಬೇಡಿ. ಅದು ಆಯಾ ಎಆರ್‌ಟಿ ಕೇಂದ್ರದವರ ಬಳಿಯೇ ಇರಲಿ.

ಹಂತ 2: ತಂತ್ರಾಂಶದ ಆಯ್ಕೆ

ಇಲ್ಲಿ ಚರ್ಚೆ ಉದ್ದವಾಗುವುದು ವಾಡಿಕೆ, ಅಗತ್ಯ ಅಷ್ಟಿಲ್ಲ. 2004ರಲ್ಲಿ ಆರಂಭವಾದ ಓಪನ್‌ಎಂಆರ್‌ಎಸ್ ರೋಗಿಗಳ ದಾಖಲೆ ಇಡುವ ಮುಕ್ತ ತಂತ್ರಾಂಶ. ಒಂದೇ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಇಲ್ಲದೆ ನಡೆಯುತ್ತದೆ, ಫೋನಿನ ಬ್ರೌಸರಿನಿಂದ ಬಳಸಬಹುದು. ಅದರ ಮೇಲೆಯೇ ಕಟ್ಟಿದ, ಛತ್ತೀಸಗಢದ ಗನಿಯಾರಿಯ ಜನ ಸ್ವಾಸ್ಥ್ಯ ಸಹಯೋಗದ ಆಸ್ಪತ್ರೆಯಲ್ಲಿ ಮೊದಲು ಬಳಕೆಗೆ ಬಂದ ಬಹ್ಮ್ನಿಯಲ್ಲಿ ಪ್ರಯೋಗಾಲಯ, ಬಿಲ್ಲಿಂಗ್ ಎಲ್ಲ ಸೇರಿದೆ. ಆಸ್ಪತ್ರೆಗೆ ಅದು ಚೆನ್ನ, ಶಾಲೆಯ ಕೊಠಡಿಯಲ್ಲಿ ನಡೆಸಲು ಭಾರ. ಅಮೆರಿಕದ ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಎಫ್ಇಎಂಆರ್ ತಾತ್ಕಾಲಿಕ ಶಿಬಿರಗಳಿಗೆಂದೇ ಮಾಡಿದ್ದು. ನೋಂದಣಿ ಮತ್ತು ಪ್ರಾಥಮಿಕ ತಪಾಸಣೆ, ವೈದ್ಯರು, ಔಷಧ ಎಂಬ ಮೂರು ಮೇಜುಗಳ ಕ್ರಮವನ್ನೇ ಅದರ ಪರದೆಗಳೂ ಅನುಸರಿಸುತ್ತವೆ. ಈ ಮೂರು ಮೇಜುಗಳ ಕ್ರಮವನ್ನು ಯಾವ ತಂತ್ರಾಂಶ ಬಳಸಿದರೂ ಎರವಲು ಪಡೆಯಬಹುದು. ಓಡಿಕೆ ಕಲೆಕ್ಟ್‌ನಂತಹ ಸಮೀಕ್ಷೆಯ ಆ್ಯಪ್‌ಗಳು ಸಿದ್ಧಪಡಿಸಲು ಸುಲಭವಾದರೂ, ಮೂರು ದಿನದ ಹಿಂದೆ ಬಂದ ರೋಗಿಯ ಹಳೆಯ ವಿವರವನ್ನು ಇನ್ನೊಬ್ಬರ ಫೋನಿನಲ್ಲಿ ತೆರೆದು ನೋಡುವ ಕೆಲಸಕ್ಕೆ ಹೇಳಿ ಮಾಡಿಸಿದವಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಜಿಲ್ಲೆಯಲ್ಲಿ ಯಾರಿಗೆ ಯಾವುದನ್ನು ರಿಪೇರಿ ಮಾಡಲು ಬರುತ್ತದೆಯೋ ಅದನ್ನೇ ಆರಿಸಿ. ರಾತ್ರಿ ಹತ್ತಕ್ಕೆ ಕೆಟ್ಟರೆ ಸಹಾಯವಾಣಿಗೆ ಕರೆ ಮಾಡಲು ಸಿಗ್ನಲ್ ಇರುವುದಿಲ್ಲ.

ಹಂತ 3: ಯಂತ್ರ, ವಿದ್ಯುತ್, ವೈಫೈ

ಸರ್ವರಿಗೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಬಳಸುವ ಸಲಹೆ ಬಹಳ ಕಡೆ ಕೇಳಿಬರುತ್ತದೆ. ಅಗ್ಗ, ಚಿಕ್ಕದು, ಹತ್ತು ವಾಟ್ ಒಳಗೇ ನಡೆಯುತ್ತದೆ, ಎಲ್ಲವೂ ನಿಜ. ಆದರೂ 8 ಜಿಬಿ ಮೆಮೊರಿಯ, ಎಸ್ಎಸ್‌ಡಿ ಇರುವ ಹಳೆಯ ಲ್ಯಾಪ್‌ಟಾಪೇ ಮೇಲು ಎನ್ನುವುದಕ್ಕೆ ಎರಡು ಕಾರಣಗಳಿವೆ. ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್ ಆಗುತ್ತದೆ. ಪೈಯಲ್ಲಿ ಕರೆಂಟು ತಟ್ಟನೆ ಹೋದರೆ ಮೆಮೊರಿ ಕಾರ್ಡಿನ ದತ್ತಾಂಶವೇ ಕೆಡಬಹುದು. ಎರಡನೆಯ ಕಾರಣ ಇನ್ನೂ ಮುಖ್ಯ: ಪೈ 4ರವರೆಗಿನ ಮಾದರಿಗಳಲ್ಲಿ ಸ್ವಂತ ಗಡಿಯಾರವಿಲ್ಲ, ಅದು ಸಮಯವನ್ನು ಇಂಟರ್ನೆಟ್ಟಿನಿಂದ ಕೇಳಿ ತಿಳಿಯುತ್ತದೆ. ನೆಟ್ ಇಲ್ಲದ ಕಡೆ ರಾತ್ರಿ ಆರಿಸಿ ಬೆಳಗ್ಗೆ ಹಚ್ಚಿದರೆ, ಅದು ಕೊನೆಗೆ ನೆನಪಿಟ್ಟುಕೊಂಡ ನಿನ್ನೆಯ ಸಮಯದಿಂದಲೇ ಮುಂದುವರಿಯುತ್ತದೆ. ಹೀಗೆ ನಾಲ್ಕು ದಿನ ನಡೆದರೆ ಯಾವ ಚುಚ್ಚುಮದ್ದು ಎಂದು ಕೊಟ್ಟದ್ದೆಂಬುದೇ ಗೋಜಲಾಗುತ್ತದೆ. ಪೈ ಬಳಸಲೇಬೇಕಾದರೆ ಡಿಎಸ್ 3231 ಗಡಿಯಾರದ ಚಿಪ್ಪನ್ನು ಜೋಡಿಸಿ. ಲ್ಯಾಪ್‌ಟಾಪ್ ಆದರೂ ಒಳಗಿನ ಗುಂಡಿ ಬ್ಯಾಟರಿ ಸತ್ತಿದೆಯೇ ನೋಡಿ, ಮತ್ತು ದಿನವೂ ಮೊದಲ ರೋಗಿಗೆ ಮುಂಚೆ ಸರ್ವರಿನ ದಿನಾಂಕ, ವೇಳೆಯನ್ನು ಕೈಗಡಿಯಾರದೊಂದಿಗೆ ಹೋಲಿಸಿ ಸಹಿ ಹಾಕುವ ಪದ್ಧತಿ ಇಟ್ಟುಕೊಳ್ಳಿ.

ವಿದ್ಯುತ್ತಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿಯೇ ಹೊರಡಬೇಕು. ಲ್ಯಾಪ್‌ಟಾಪಿಗೆ 20 ವಾಟ್, ರೂಟರಿಗೆ 8 ವಾಟ್, ಹನ್ನೆರಡು ಗಂಟೆ ನಡೆಸಿದರೆ 336 ವಾಟ್-ಗಂಟೆ. ನಾಲ್ಕು ಫೋನುಗಳ ಚಾರ್ಜಿಂಗಿಗೆ ಇನ್ನೊಂದು 60, ಒಟ್ಟು ದಿನಕ್ಕೆ ಸುಮಾರು 400. ಮನೆಗಳ ಇನ್ವರ್ಟರಿಗೆ ಬಳಸುವ 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1800 ವಾಟ್-ಗಂಟೆ ಇರುತ್ತದೆ. ಅದರಲ್ಲಿ ಅರ್ಧ ಮಾತ್ರ ಬಳಸುವುದು ಕ್ಷೇಮ, ಇನ್ವರ್ಟರಿನಲ್ಲಿ ಸೋರುವುದನ್ನು ಕಳೆದರೆ ಸುಮಾರು 720 ಉಳಿಯುತ್ತದೆ. ಅಂದರೆ ಎರಡು ದಿನಕ್ಕೆ ತುಸು ಕಡಿಮೆ. ಅಷ್ಟರೊಳಗೆ ಜನರೇಟರ್ ಅಥವಾ ಸೌರಫಲಕ ಬರಬೇಕು.

ವೈಫೈ ರೂಟರಿಗೆ ಇಂಟರ್ನೆಟ್ ಬೇಕಾಗಿಲ್ಲ, ಫೋನುಗಳನ್ನು ಸರ್ವರಿಗೆ ಸೇರಿಸುವುದಷ್ಟೇ ಅದರ ಕೆಲಸ. ಸರ್ವರಿಗೆ ಬದಲಾಗದ ವಿಳಾಸವೊಂದನ್ನು, ಉದಾಹರಣೆಗೆ 192.168.1.10, ನಿಗದಿ ಮಾಡಿ ಪ್ರತಿ ಫೋನಿನ ಮುಖಪುಟದಲ್ಲಿ ಅದರ ಗುರುತು ಇಟ್ಟುಬಿಡಿ. ಗೋಡೆ ದಾಟಲು 2.4 ಗಿಗಾಹರ್ಟ್ಸ್ ತರಂಗ ಅನುಕೂಲ. ಇನ್ನು ಮೂರು ತೊಡಕುಗಳನ್ನು ಮೊದಲೇ ಬಿಡಿಸಿಕೊಳ್ಳಬೇಕು. ಆಂಡ್ರಾಯ್ಡ್ ಫೋನು 'ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ' ಎಂದು ಕಂಡುಕೊಂಡ ಕೂಡಲೇ ಮೊಬೈಲ್ ಡೇಟಾಗೆ ಜಿಗಿಯಲು ನೋಡುತ್ತದೆ. ಮೊಬೈಲ್ ಡೇಟಾ ಆರಿಸಿ, ಸಂಪರ್ಕ ಉಳಿಸಿಕೊಳ್ಳಲೇ ಎಂದು ಕೇಳಿದಾಗ ಹೌದೆನ್ನಿ. ಕನ್ನಡ ಕೀಲಿಮಣೆಯ ಭಾಷಾ ಕಡತಗಳನ್ನು ನೆಟ್ ಇರುವಾಗಲೇ ಇಳಿಸಿಕೊಳ್ಳಿ. ಹಾಗೆಯೇ ಬ್ರೌಸರುಗಳು ಭದ್ರತಾ ಪ್ರಮಾಣಪತ್ರವಿಲ್ಲದ ಪುಟಕ್ಕೆ ಕ್ಯಾಮೆರಾ ತೆರೆಯಗೊಡುವುದಿಲ್ಲ. ಕ್ಯೂಆರ್ ಓದುವ ಯೋಜನೆಯಿದ್ದರೆ ಸ್ಥಳೀಯ ಪ್ರಮಾಣಪತ್ರವನ್ನು ಫೋನುಗಳಿಗೆ ಮೊದಲೇ ಹಾಕಿಡಬೇಕು, ಇಲ್ಲವೇ ಅಂಗಡಿಗಳಲ್ಲಿ ಬಳಸುವ ಯುಎಸ್‌ಬಿ ಬಾರ್‌ಕೋಡ್ ಸ್ಕ್ಯಾನರನ್ನು ಲ್ಯಾಪ್‌ಟಾಪಿಗೆ ಚುಚ್ಚಬೇಕು.

ಹಂತ 4: ಗುರುತು ಸಂಖ್ಯೆ

ಆಧಾರ್ ಕಾರ್ಡು ನೀರುಪಾಲಾದ ಜನರ ಮುಂದೆ ಆಧಾರ್ ಸಂಖ್ಯೆ ಕೇಳುವ ನಮೂನೆ ಇಡುವುದು ಕ್ರೂರ ತಮಾಷೆ. ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ 14 ಅಂಕಿಗಳ ಆಭಾ ಸಂಖ್ಯೆ ನೆನಪಿದ್ದರೆ ಬರೆದುಕೊಳ್ಳಿ, ಕಡ್ಡಾಯ ಮಾಡಬೇಡಿ. ಬದಲಿಗೆ ಪ್ರತಿ ಕೇಂದ್ರಕ್ಕೂ ಬೇರೆ ಮೊದಲಕ್ಷರವಿರುವ, ಬಾರ್‌ಕೋಡ್ ಸಹಿತ ಸ್ಟಿಕರ್‌ಗಳ ಸುರುಳಿಯನ್ನು ಮೊದಲೇ ಮುದ್ರಿಸಿಡಿ. ಮೊದಲಕ್ಷರ ಬೇರೆಯಿದ್ದರೆ ಮುಂದೆ ಎರಡು ಕೇಂದ್ರಗಳ ದಾಖಲೆ ಸೇರಿಸುವಾಗ ಸಂಖ್ಯೆ ಡಿಕ್ಕಿ ಹೊಡೆಯುವುದಿಲ್ಲ. ಸಂಖ್ಯೆಯ ಕೊನೆಯಲ್ಲಿ ಒಂದು ತಾಳೆ ಅಕ್ಷರವಿರಲಿ, ಇದರಿಂದ ಯಾವುದಾದರೂ ಒಂದು ಅಂಕಿ ತಪ್ಪಿದರೆ ಕಂಪ್ಯೂಟರ್ ತಕ್ಷಣ ತಡೆಯುತ್ತದೆ. ಓಪನ್‌ಎಂಆರ್‌ಎಸ್ ಬಳಸುವ ಪದ್ಧತಿಯಲ್ಲಿ ಸೊನ್ನೆಯಂತೆ ಕಾಣುವ ಓ, ಒಂದರಂತೆ ಕಾಣುವ ಐ ಮುಂತಾದ ಗೊಂದಲದ ಇಂಗ್ಲಿಷ್ ಅಕ್ಷರಗಳನ್ನು ಬಿಟ್ಟು 30 ಅಕ್ಷರಾಂಕಿಗಳನ್ನಷ್ಟೇ ಉಳಿಸಿಕೊಂಡಿರುವುದು ಇದೇ ಕಾರಣಕ್ಕೆ.

ಒಬ್ಬರೇ ಎರಡು ಬಾರಿ ನೋಂದಣಿಯಾಗುವುದನ್ನು ಪೂರ್ತಿ ತಡೆಯಲಾಗದು. ಒಬ್ಬಳೇ ಹೆಣ್ಣುಮಗಳು ಒಂದು ಕಡೆ ಲಕ್ಷ್ಮವ್ವ, ಇನ್ನೊಂದು ಕಡೆ ಲಕ್ಕವ್ವ, ಪಡಿತರ ಚೀಟಿಯಲ್ಲಿ ಲಕ್ಷ್ಮೀಬಾಯಿ ಆಗಿರುತ್ತಾಳೆ. ವಯಸ್ಸು ಕೇಳಿದರೆ 'ಅರವತ್ತೋ ಎಪ್ಪತ್ತೋ' ಎನ್ನುತ್ತಾಳೆ. ಆದ್ದರಿಂದ ಹೆಸರಿನ ಜೊತೆಗೆ ಊರು, ಓಣಿ, ತಂದೆ ಅಥವಾ ಗಂಡನ ಹೆಸರು, ಮನೆಯವರ ಯಾರದ್ದಾದರೂ ಮೊಬೈಲಿನ ಕೊನೆಯ ನಾಲ್ಕು ಅಂಕಿ ಇಟ್ಟುಕೊಳ್ಳಿ, ವಯಸ್ಸಿನ ಪಕ್ಕದಲ್ಲಿ 'ಅಂದಾಜು' ಎಂಬ ಗುರುತಿಗೆ ಜಾಗವಿರಲಿ. ಎರಡು ದಾಖಲೆ ಒಬ್ಬರದೇ ಎಂದು ಕಂಡಾಗ ಅವನ್ನು ಸೇರಿಸುವ ತೀರ್ಮಾನವನ್ನು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ಮನುಷ್ಯರೇ ಮಾಡಬೇಕು. ತಪ್ಪಾಗಿ ಸೇರಿಸಿದ ಎರಡು ದಾಖಲೆ ಬೇರೆ ಬೇರೆ ಉಳಿದ ಎರಡು ದಾಖಲೆಗಿಂತ ಅಪಾಯಕಾರಿ, ಏಕೆಂದರೆ ಒಬ್ಬರ ಪೆನಿಸಿಲಿನ್ ಅಲರ್ಜಿ ಇನ್ನೊಬ್ಬರ ಪಾಲಾಗುತ್ತದೆ.

ಹಂತ 5: ನಮೂನೆ

ಯೋಜನೆ ಸೋಲುವುದು ಸಾಮಾನ್ಯವಾಗಿ ಇಲ್ಲಿ. ಸಭೆಯಲ್ಲಿ ಕುಳಿತ ಪ್ರತಿಯೊಬ್ಬರೂ ತಮಗೆ ಬೇಕಾದ ಒಂದೊಂದು ಪ್ರಶ್ನೆ ಸೇರಿಸುತ್ತಾರೆ, ಕೊನೆಗೆ ನಮೂನೆ ಆರು ಪರದೆ ಉದ್ದವಾಗುತ್ತದೆ, ಎರಡನೆಯ ದಿನ ವೈದ್ಯರು ಅದನ್ನು ಪಕ್ಕಕ್ಕೆ ಸರಿಸಿ ಕಾಗದಕ್ಕೆ ಮರಳುತ್ತಾರೆ. ನೋಂದಣಿಗೆ ಒಂದು ಪರದೆ, ವೈದ್ಯರಿಗೆ ಒಂದು, ಔಷಧಕ್ಕೆ ಒಂದು, ಇದನ್ನು ದಾಟಬಾರದು.

ಏನಿರಬೇಕೆಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ತುರ್ತು ವೈದ್ಯಕೀಯ ತಂಡಗಳಿಗಾಗಿ 2017ರಲ್ಲಿ ಅಂಗೀಕರಿಸಿದ ಕನಿಷ್ಠ ದತ್ತಾಂಶ ಪಟ್ಟಿ ಒಳ್ಳೆಯ ಆಧಾರ. ಫಿಲಿಪೀನ್ಸ್ ಮತ್ತು ಜಪಾನಿನ ವಿಪತ್ತುಗಳ ಅನುಭವದಿಂದ ಬೆಳೆದ ಪಟ್ಟಿ ಅದು. ವಯಸ್ಸನ್ನು ಒಂದು ವರ್ಷದೊಳಗೆ, 1–4, 5–17, 18–64, 65 ಮತ್ತು ಮೇಲೆ ಎಂದು ವಿಂಗಡಿಸಿ, ಗರ್ಭಿಣಿಯರನ್ನು ಬೇರೆಯಾಗಿ ಎಣಿಸಿ, ಗಾಯ, ಉಸಿರಾಟದ ಸೋಂಕು, ನೀರಾದ ಭೇದಿ, ರಕ್ತಭೇದಿ ಮುಂತಾದವನ್ನು ಗುರುತು ಹಾಕುವಷ್ಟು ಸರಳವಾಗಿಸುತ್ತದೆ. ಇದಕ್ಕೆ ನಮ್ಮ ಕಡೆಯ ನೆರೆಗೆ ಬೇಕಾದ ಹಾವಿನ ಕಡಿತ, ಇಲಿಜ್ವರದ ಶಂಕೆ, ಧನುರ್ವಾಯು ಚುಚ್ಚುಮದ್ದು, ನಿಂತುಹೋದ ದೀರ್ಘಕಾಲದ ಔಷಧ, ಈ ನಾಲ್ಕನ್ನು ಸೇರಿಸಿಕೊಳ್ಳಿ.

ನಮೂನೆ ಮಾಡುವಾಗ ಅಲರ್ಜಿಯ ಅಂಕಣವನ್ನು ವಿಶೇಷವಾಗಿ ನೋಡಿ. ಅಲ್ಲಿ 'ಇದೆ', 'ಇಲ್ಲ' ಎರಡೇ ಇದ್ದರೆ ಸಾಲದು, 'ಕೇಳಿಲ್ಲ' ಎಂಬುದೂ ಇರಬೇಕು, ಮತ್ತು ತಾನಾಗಿ ತುಂಬಿಬರುವ ಉತ್ತರ ಅದೇ ಆಗಿರಬೇಕು. ಇಲ್ಲದಿದ್ದರೆ ಪ್ರಜ್ಞೆಯಿಲ್ಲದೆ ಬಂದವರ ಹೆಸರಿನ ಮುಂದೆಯೂ ಅಲರ್ಜಿ ಇಲ್ಲ ಎಂದು ದಾಖಲಾಗಿ, ಮುಂದಿನ ವೈದ್ಯರು ಅದನ್ನು ನಂಬುತ್ತಾರೆ. ಔಷಧದ ಪಟ್ಟಿಯಲ್ಲಿ ಕೇಂದ್ರದ ಪೆಟ್ಟಿಗೆಯಲ್ಲಿ ನಿಜವಾಗಿ ಇರುವ ಔಷಧಗಳಷ್ಟೇ ಕಾಣಲಿ. ಮಕ್ಕಳಿಗೆ ತೂಕ ತುಂಬದೆ ಔಷಧದ ಪರದೆ ತೆರೆಯದಂತಿರಲಿ.

ಎಲೆಕ್ಟ್ರಾನಿಕ್ ದಾಖಲೆಯ ನಿಜವಾದ ಲಾಭ ಕಾಣುವುದು ಮರುಭೇಟಿಯಲ್ಲಿ. ನೆರೆ ನೀರಿನಲ್ಲಿ ಓಡಾಡಿದವರಿಗೆ ಇಲಿಜ್ವರ ಬಾರದಂತೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುವ ಪದ್ಧತಿಯಿದೆ, 2018ರ ಕೇರಳದ ನೆರೆಯಲ್ಲಿ ಇದನ್ನು ವ್ಯಾಪಕವಾಗಿ ಪಾಲಿಸಿದರು. ಗರ್ಭಿಣಿಯರಿಗೆ ಈ ಔಷಧ ಸಲ್ಲದು, ಚಿಕ್ಕ ಮಕ್ಕಳ ವಿಷಯದಲ್ಲಿ ವೈದ್ಯರೇ ನಿರ್ಧರಿಸಬೇಕು. ಇಂದು ಯಾರಿಗೆ ಎರಡನೆಯ ವಾರದ ಗುಳಿಗೆ ಬಾಕಿ, ಯಾರು ಗರ್ಭಿಣಿ ಎಂಬ ಪಟ್ಟಿಯನ್ನು ಬೆಳಗ್ಗೆ ಒಂದು ಗುಂಡಿ ಒತ್ತಿ ತೆಗೆಯಲಾದರೆ, ಅಷ್ಟಕ್ಕೇ ಇಡೀ ವ್ಯವಸ್ಥೆಯ ಶ್ರಮ ಸಾರ್ಥಕ.

ಕಂಪ್ಯೂಟರ್ ನಿಂತರೆ ಮುಂದೇನು ಎಂಬುದನ್ನೂ ಈ ಹಂತದಲ್ಲೇ ತೀರ್ಮಾನಿಸಿ. ಪರದೆಯಲ್ಲಿರುವ ಕ್ರಮದಲ್ಲೇ ಪ್ರಶ್ನೆಗಳಿರುವ ಕಾಗದದ ನಮೂನೆ ಒಂದು ಕಟ್ಟು ಮೇಜಿನ ಕೆಳಗಿರಲಿ. ಆಮೇಲೆ ಕಂಪ್ಯೂಟರಿಗೆ ಏರಿಸುವಾಗ ರೋಗಿ ಬಂದ ವೇಳೆ ಮತ್ತು ವಿವರ ತುಂಬಿದ ವೇಳೆ ಎರಡೂ ಬೇರೆ ಬೇರೆಯಾಗಿ ದಾಖಲಾಗಬೇಕು.

ಹಂತ 6: ರೋಗಿಯ ಕೈಗೆ ಚೀಟಿ

ಅಂಗಡಿಯ ಬಿಲ್ ಮುದ್ರಿಸುವ ಥರ್ಮಲ್ ಪ್ರಿಂಟರ್ ಸುಲಭಕ್ಕೆ ಸಿಗುತ್ತದೆ, ಆದರೆ ಆ ಕಾಗದದ ಅಕ್ಷರ ಬಿಸಿಲು, ಶಾಖಕ್ಕೆ ಮಾಸುತ್ತದೆ. ದಪ್ಪ ಕಾರ್ಡಿನ ಮೇಲೆ ಬಾಲ್‌ಪೆನ್ನಿನಿಂದ ಬರೆದು, ಗುರುತಿನ ಸ್ಟಿಕರ್ ಅಂಟಿಸಿ, ಜಿಪ್ ಇರುವ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಕೊಡುವುದೇ ನನ್ನ ಆಯ್ಕೆ. ಜೆಲ್ ಪೆನ್ ಒದ್ದೆಯಾದರೆ ಕಲೆಸಿಹೋಗುತ್ತದೆ. ಕಾರ್ಡಿನಲ್ಲಿ ಹೆಸರು, ಗುರುತು ಸಂಖ್ಯೆ, ಅಲರ್ಜಿ, ದೀರ್ಘಕಾಲದ ಕಾಯಿಲೆ ಮತ್ತು ಔಷಧ, ಇಲ್ಲಿ ಕೊಟ್ಟ ಚಿಕಿತ್ಸೆ, ಮುಂದಿನ ದಿನಾಂಕ ಇದ್ದರೆ ಸಾಕು.

ಇವನ್ನೇ ಕ್ಯೂಆರ್ ಚೌಕದೊಳಗೂ ತುಂಬುವ ಆಸೆಯಿದ್ದರೆ ಒಂದು ಮಿತಿಯನ್ನು ತಿಳಿದಿರಬೇಕು. ಅತಿ ದೊಡ್ಡ ಕ್ಯೂಆರ್ ಹಿಡಿಯುವುದು 2953 ಬೈಟ್, ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟ್ ಬೇಕು, ಒತ್ತಕ್ಷರ, ಸ್ವರಚಿಹ್ನೆಗಳೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಅಷ್ಟು ದಟ್ಟವಾದ ಚೌಕವನ್ನು ಸುಕ್ಕುಬಿದ್ದ ಕಾರ್ಡಿನಿಂದ ಸಾಧಾರಣ ಫೋನು ಓದಲಾರದು. ಕ್ಯೂಆರ್‌ನಲ್ಲಿ ಚಿಕ್ಕ ಸಂಕೇತಗಳನ್ನಷ್ಟೇ ಇಟ್ಟು, ಮನುಷ್ಯರು ಓದಬೇಕಾದ್ದನ್ನು ಕನ್ನಡದಲ್ಲಿ ಪಕ್ಕದಲ್ಲೇ ಬರೆಯಿರಿ.

ಹಂತ 7: ಸಂಜೆಯ ಬ್ಯಾಕಪ್ ಮತ್ತು ವರದಿ

ಕೊನೆಯ ರೋಗಿ ಹೋದ ಮೇಲೆ ಇಡೀ ದತ್ತಾಂಶದ ಗೂಢಲಿಪೀಕೃತ (ಗುಪ್ತಪದವಿಲ್ಲದೆ ಓದಲಾಗದ) ಪ್ರತಿಯನ್ನು ಎರಡು ಪೆನ್‌ಡ್ರೈವ್‌ಗಳಿಗೆ ತೆಗೆಯಿರಿ. ಒಂದು ಕೇಂದ್ರದಲ್ಲೇ, ಸರ್ವರ್ ಇಲ್ಲದ ಬೇರೆ ಕೊಠಡಿಯಲ್ಲಿ ಉಳಿಯಲಿ, ಇನ್ನೊಂದು ಔಷಧ ತರುವ ವಾಹನದಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋಗಲಿ. ಅಲ್ಲಿ ಅದನ್ನು ಇನ್ನೊಂದು ಕಂಪ್ಯೂಟರಿಗೆ ಇಳಿಸಿ ತೆರೆಯುತ್ತದೆಯೇ ಎಂದು ನೋಡುವವರೆಗೂ ಅದನ್ನು ಬ್ಯಾಕಪ್ ಎಂದು ಕರೆಯಲಾಗದು. ಗುಪ್ತಪದ ಇಬ್ಬರಿಗೆ ತಿಳಿದಿರಬೇಕು, ಇಬ್ಬರೂ ಒಂದೇ ವಾಹನದಲ್ಲಿ ಹೋಗಬಾರದು.

ದಿನದ ಸಂಖ್ಯೆಗಳು ಮಾತ್ರ ಪೆನ್‌ಡ್ರೈವಿಗಾಗಿ ಕಾಯಬಾರದು, ಏಕೆಂದರೆ ಒಂದೇ ಓಣಿಯ ಹತ್ತು ಜನಕ್ಕೆ ಭೇದಿ ಶುರುವಾದ ಸುದ್ದಿ ಅಂದೇ ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ಮುಟ್ಟಬೇಕು. ಡೇಟಾ ಇಲ್ಲದ ಕಡೆಯೂ ಎಸ್ಎಂಎಸ್ ಆಗೊಮ್ಮೆ ಈಗೊಮ್ಮೆ ಹೋಗುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಎಸ್ಎಂಎಸ್‌ಗೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ. ಹಾಗಾಗಿ ಕೇಂದ್ರದ ಸಂಕೇತ, ದಿನಾಂಕ, ನಿಗದಿತ ಕ್ರಮದ ಅಂಕಿಗಳು ಎಂಬ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳಿ. ಸಿಗ್ನಲ್ಲೇ ಇಲ್ಲದಿದ್ದರೆ ಹ್ಯಾಮ್ ರೇಡಿಯೊ ಹವ್ಯಾಸಿಗಳ ಮೂಲಕವೂ ಈ ಅಂಕಿಗಳನ್ನು ಓದಿ ಹೇಳಿಸಬಹುದು. ಆದರೆ ಅದು ಯಾರು ಬೇಕಾದರೂ ಕೇಳಬಹುದಾದ ತರಂಗ, ಅದರಲ್ಲಿ ಗೂಢಲಿಪಿ ಬಳಸಲು ಅನುಮತಿಯಿಲ್ಲ, ಆದ್ದರಿಂದ ಯಾವ ರೋಗಿಯ ಹೆಸರೂ ಅದರಲ್ಲಿ ಹೋಗಬಾರದು. ನೆಟ್ ಮರಳಿದ ಮೇಲೆ ಇದೇ ಸಂಖ್ಯೆಗಳನ್ನು ಐಎಚ್ಐಪಿ ಎಂಬ ಸರ್ಕಾರಿ ರೋಗ ಸರ್ವೇಕ್ಷಣಾ ಜಾಲತಾಣದ ನಮೂನೆಗಳಿಗೆ ತುಂಬಬೇಕಾಗುತ್ತದೆ, ಹಾಗಾಗಿ ರೋಗಗಳ ಹೆಸರು, ವಿಂಗಡಣೆ ಅದಕ್ಕೆ ಹೊಂದುವಂತಿರಲಿ.

ಹಂತ 8: ಗೋಪ್ಯತೆ, ಮತ್ತು ಕೇಂದ್ರ ಮುಚ್ಚುವಾಗ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್, ವೈದ್ಯಕೀಯ ತುರ್ತು ಮತ್ತು ವಿಪತ್ತಿನ ವೇಳೆ ನೆರವು ನೀಡಲು ಬೇಕಾದ ಮಾಹಿತಿಯನ್ನು ಪ್ರತ್ಯೇಕ ಒಪ್ಪಿಗೆಯಿಲ್ಲದೆ ಬಳಸಲು ಅವಕಾಶ ಕೊಡುತ್ತದೆ. ಆ ಅವಕಾಶ ನೆರವಿಗಷ್ಟೇ. ಜಾತಿ, ಆಸ್ತಿ, ಪರಿಹಾರಧನದ ಅರ್ಹತೆಯ ಪ್ರಶ್ನೆಗಳನ್ನು ವೈದ್ಯಕೀಯ ನಮೂನೆಗೆ ತುರುಕಬಾರದು. ಚಿಕಿತ್ಸೆಗೆ ಬಂದರೆ ಪರಿಹಾರದ ಪಟ್ಟಿ ಬದಲಾದೀತೆಂಬ ಅನುಮಾನ ಒಮ್ಮೆ ಹುಟ್ಟಿದರೆ ಜನ ನಿಜ ಹೇಳುವುದನ್ನೇ ನಿಲ್ಲಿಸುತ್ತಾರೆ. ಲೈಂಗಿಕ ದೌರ್ಜನ್ಯ, ಮಾನಸಿಕ ಆರೋಗ್ಯ, ಎಚ್ಐವಿ ಕುರಿತ ವಿವರ ವೈದ್ಯರ ಲಾಗಿನ್‌ಗೆ ಮಾತ್ರ ಕಾಣಬೇಕು. ಮೇಜನ್ನು ಪರದೆ ಸರದಿಯ ಕಡೆ ತಿರುಗದಂತೆ ಗೋಡೆಗೆ ಆನಿಸಿ ಇಡುವುದು ಯಾವ ತಂತ್ರಾಂಶದ ಭದ್ರತೆಗೂ ಕಡಿಮೆಯದಲ್ಲ.

ಕೇಂದ್ರ ಮುಚ್ಚುವ ದಿನ ಮೂರು ಕೆಲಸಗಳಿವೆ. ಚಿಕಿತ್ಸೆ ಮುಂದುವರಿಯಬೇಕಾದವರ ಪಟ್ಟಿಯನ್ನು ಊರುವಾರು ಮುದ್ರಿಸಿ ಆಯಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯುವುದು ಮೊದಲನೆಯದು. ಪೂರ್ಣ ದತ್ತಾಂಶದ ಗೂಢಲಿಪೀಕೃತ ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿಗೆ ಒಪ್ಪಿಸಿ, ಅದು ಅಲ್ಲಿ ತೆರೆಯುವುದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳುವುದು ಎರಡನೆಯದು. ಅದಾದ ಮೇಲಷ್ಟೇ ಸ್ವಯಂಸೇವಕರ ಫೋನುಗಳಲ್ಲಿ ಉಳಿದ ಲಾಗಿನ್, ಫೋಟೊ, ಬ್ರೌಸರಿನ ನೆನಪುಗಳನ್ನೂ ಓಡಾಡಿದ ಪೆನ್‌ಡ್ರೈವ್‌ಗಳನ್ನೂ ಅಳಿಸಿ, ಯಾವ ಸಾಧನ, ಯಾರು ಅಳಿಸಿದರು, ಯಾರು ನೋಡಿದರು ಎಂಬುದನ್ನು ಸ್ಟಾಕ್ ರಿಜಿಸ್ಟರಿನಲ್ಲಿ ಬರೆದಿಡಬೇಕು. ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿಟ್ಟು, ಉಳಿದ ಸ್ಟಿಕರ್ ಸುರುಳಿಯ ಕೊನೆಯ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ಬರೆದು, ಮುಂದಿನ ಮೇ ತಿಂಗಳಲ್ಲಿ ಪೆಟ್ಟಿಗೆ ತೆರೆಯಬೇಕಾದವರ ಹುದ್ದೆಯನ್ನೂ ಅಲ್ಲೇ ನಮೂದಿಸಿ.